ದಿಲ್ಲಿಯ ಚಳಿ, ಮಂಚದಡಿಯ ವೈರು

ಪ್ರೀತಿಯ ಪುಟ್ಟಿ,

ನಿನ್ನ ಹೊಸ ರೂಮಿನ ಫೋಟೋ ನೋಡಿ ಅಮ್ಮ, ಹುಡುಗಿ ಸೊರಗಿದ್ದಾಳೆ ಅಂದಳು. ನನ್ನ ಕಣ್ಣು ಹೋಗಿದ್ದು ಮಂಚದಡಿ ನುಸುಳಿ ಹೀಟರಿನವರೆಗೆ ಬಂದಿದ್ದ ಬಿಳಿ ವೈರಿನ ಕಡೆಗೆ. ಜೀವನವಿಡೀ ವೈರಿಂಗ್ ಮಾಡಿದವನ ಚಾಳಿ, ಬೈಕೋಬೇಡ.

ಹೀಟರ್ ಬೇಡ ಅನ್ನೋನಲ್ಲ ನಾನು. ದಿಲ್ಲಿಯಲ್ಲಿ ಜನವರಿಯ ಕೆಲವು ರಾತ್ರಿ ನಾಲ್ಕೈದು ಡಿಗ್ರಿಗೆ ಇಳಿಯುತ್ತೆ, ದಾವಣಗೆರೆಯ ಬಿಸಿಲಲ್ಲಿ ಬೆಳೆದವಳು ತಡೆಯೋ ಚಳಿಯಲ್ಲ ಅದು. ನನ್ನ ತಕರಾರು ಆ ಎಕ್ಸ್‌ಟೆನ್ಷನ್ ಬೋರ್ಡಿನ ಮೇಲೆ. 2000 ವ್ಯಾಟಿನ ಹೀಟರು 230 ವೋಲ್ಟಿನಲ್ಲಿ ಹತ್ತಿರಹತ್ತಿರ 9 ಆಂಪಿಯರ್ ಎಳೆಯುತ್ತೆ. ಮೊಬೈಲು, ಲ್ಯಾಪ್‌ಟಾಪಿಗೆ ಮಾಡಿದ ಆ ಬೋರ್ಡಿನ ತಾಕತ್ತು 6. ಕರೆಂಟು ಒಂದೂವರೆ ಪಟ್ಟಾದರೆ ವೈರಿನಲ್ಲಿ ಹುಟ್ಟೋ ಬಿಸಿ ಎರಡು ಪಟ್ಟಿಗೂ ಮಿಕ್ಕುತ್ತೆ. ಹೀಟರಿಗೆ ಅಷ್ಟು ದಪ್ಪ ಪಿನ್ನು ಕೊಟ್ಟಿರೋದೇ ಚಿಕ್ಕ ಸಾಕೆಟ್ಟಿಗೆ ಹೋಗದಿರಲಿ ಅಂತ. ನೀನು ಅಂಗಡಿಯಿಂದ ಕನ್ವರ್ಟರ್ ಪ್ಲಗ್ ತಂದು ಅದನ್ನೂ ದಾಟಿಬಿಟ್ಟೆ!

ಎಂಸಿಬಿ ಇದೆಯಲ್ಲಪ್ಪ ಅಂತೀಯ. ಅದು ಕಾಯೋದು ಗೋಡೆಯೊಳಗಿನ ವೈರನ್ನ. ನಿನ್ನ ರೂಮಿನದು 16 ಆಂಪಿಯರಿನದಾದರೆ ಈ 9 ಅದಕ್ಕೆ ಲೆಕ್ಕಕ್ಕೇ ಇಲ್ಲ. ಮಂಚದಡಿ ವೈರು ಬೇಯ್ತಾ ಇದ್ದರೂ ಟ್ರಿಪ್ ಆಗಲ್ಲ. ಮೇಲೆ ರಜಾಯಿ ಬಿದ್ದಿದ್ದರಂತೂ, ಉಳಿದ ವೈರನ್ನ ಸುರುಳಿ ಸುತ್ತಿಟ್ಟಿದ್ದರಂತೂ, ಬಿಸಿ ಹೊರಗೆ ಹೋಗೋಕೂ ದಾರಿಯಿಲ್ಲ.

ಹೀಟರನ್ನ ನೇರ ಗೋಡೆಯ ಪವರ್ ಪ್ಲಗ್ಗಿಗೇ ಹಾಕಬೇಕು. ನಿನ್ನ ರೂಮಿನಲ್ಲಿ ಏಸಿ ಪಾಯಿಂಟ್ ಇದೆ, ಆದರೆ ಸೂರಿನ ಹತ್ತಿರ. ಚಳಿಗಾಲದಲ್ಲಿ ಏಸಿಗೆ ಏನು ಕೆಲಸ? ಅದೇ ಲೈನಿನಿಂದ ಕೆಳಗೊಂದು 16 ಆಂಪಿಯರ್ ಸಾಕೆಟ್ ಇಳಿಸಲಿ, ಅರ್ಥಿಂಗ್ ಸಮೇತ. ಎಲೆಕ್ಟ್ರಿಷಿಯನ್ ಕೂಲಿ ನಾನು ಕೊಡ್ತೀನಿ. ಅಲ್ಲಿಯವರೆಗೆ ಹೀಟರ್ ಹಚ್ಚಬೇಡ. ಆಮೇಲೂ ರಜಾಯಿ, ಪರದೆಯಿಂದ ಮೂರಡಿ ದೂರ ಇರಲಿ, ಮಲಗೋ ಮುಂಚೆ ಆರಿಸು. ಆಗಾಗ ಪ್ಲಗ್ ಮುಟ್ಟಿ ನೋಡು. ಸುಡುವಷ್ಟು ಬಿಸಿಯಾಗಿದ್ದರೆ ಸಾಕೆಟ್ ಸಡಿಲವಾಗಿದೆ ಅಂತ.

ಇನ್ನೊಂದು. ಕೆಳಗಿನ ಮನೆಯವರು ಕೆಂಡದ ಅಂಗೀಠಿ ಕೊಡ್ತೀವಿ ಅಂದರಂತೆ. ಮುಚ್ಚಿದ ಕೋಣೆಗೆ ಅದು ಬೇಡವೇ ಬೇಡ. ಕೆಂಡದಿಂದ ಬರೋ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗಲ್ಲ.

ಅಮ್ಮ ಚಳ್ಳಕೆರೆಯ ಕುರಿಕಂಬಳಿ ಕೊರಿಯರ್ ಮಾಡಿದ್ದಾಳೆ, ಒಳಗೆ ಶೇಂಗಾ ಚಟ್ನಿಪುಡಿಯೂ ಇದೆ. ನಿನ್ನ ಓನರ್ ನಂಬರ್ ಕಳಿಸು, ಸಾಕೆಟ್ ವಿಷಯ ನಾನೇ ಮಾತಾಡ್ತೀನಿ. ನನ್ನ ಹಿಂದಿ ಕೇಳಿ ನಗಬಾರದು ಅಷ್ಟೆ.

ಇಂತಿ,
ನಿನ್ನ ಅಪ್ಪ