ಸರ್ವರ್ ಇಲ್ಲದ ಲ್ಯಾಬಿನ ಕಟ್ಟಳೆ

ಇದು ವಿಂಡೋಸ್ 10 ಬಂದು ಒಂದೆರಡು ವರ್ಷ ಕಳೆದಿದ್ದ ಕಾಲದ ಮಾತು. ಆಗ ನಾನೊಂದು ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. ಸರ್ವರ್ ಬೇಕೆಂಬ ನಮ್ಮ ಅರ್ಜಿ ಪ್ರತಿವರ್ಷ ಬಜೆಟ್ ಸಭೆಗೆ ಹೋಗಿ ಹೋದ ಹಾಗೇ ವಾಪಸು ಬರುತ್ತಿತ್ತು. ಸರ್ವರಿನಲ್ಲಿ ಆಕ್ಟಿವ್ ಡೈರೆಕ್ಟರಿ ಇರುವ ಕಡೆ ಒಂದೇ ಜಾಗದಲ್ಲಿ ನಿಯಮ ಬರೆದರೆ ಎಲ್ಲ ಯಂತ್ರಗಳಿಗೂ ಮುಟ್ಟುತ್ತದೆ. ನಮ್ಮಲ್ಲೋ, ಒಂದೊಂದು ಕಂಪ್ಯೂಟರೂ ಪ್ರತ್ಯೇಕ ಪಾಳೇಗಾರ.

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂದಾಗ ಶಾರ್ಟ್‌ಕಟ್ ವೈರಸ್ ಹಬ್ಬಿತು. ಒಂದು ಪೆನ್ ಡ್ರೈವ್ ಹತ್ತು ಕಂಪ್ಯೂಟರಿಗೆ ಚುಚ್ಚಿದರೆ ಹತ್ತಕ್ಕೂ ಅಂಟು. ವಿಂಡೋಸ್‌ನದೇ ಪಾಲಿಸಿ ಎಡಿಟರ್ ಆದ ಜಿಪಿಎಡಿಟ್ ತೆರೆದು, ಪೆನ್ ಡ್ರೈವ್‌ನಿಂದ ಯಾವ ಪ್ರೋಗ್ರಾಮೂ ಓಡದಂತೆ, ಹುಡುಗರು ಕಂಟ್ರೋಲ್ ಪ್ಯಾನೆಲ್‌ಗೆ ಕೈಹಾಕದಂತೆ ಒಂದೊಂದೇ ಯಂತ್ರಕ್ಕೆ ಕಟ್ಟಳೆ ಹಾಕುತ್ತ ಕೂತೆವು. ಮೂರನೇ ಸಾಲಿಗೆ ಬರುವಷ್ಟರಲ್ಲಿ ಯಾವುದಕ್ಕೆ ಏನು ಹಾಕಿದ್ದೇವೆ ಎಂಬ ಲೆಕ್ಕವೇ ತಪ್ಪಿತು.

ಆಗ ನಮ್ಮ ಕಿರಿಯ ಇನ್‌ಸ್ಟ್ರಕ್ಟರ್ ಎಲ್‌ಜಿಪಿಒ ಎಂಬ ಪುಟ್ಟ ಪ್ರೋಗ್ರಾಮ್ ತಂದ. ಮೈಕ್ರೋಸಾಫ್ಟ್‌ನ ಆರನ್ ಮಾರ್ಗೋಸಿಸ್ ಬರೆದದ್ದು, 2016ರಲ್ಲಿ ಹೊರಬಂದದ್ದು, ಉಚಿತ. ಒಂದು ಕಂಪ್ಯೂಟರನ್ನು ಬೇಕಾದ ಹಾಗೆ ಸಿದ್ಧ ಮಾಡಿ, ಸ್ಲ್ಯಾಶ್ ಬಿ ಎಂದು ಹೇಳಿದರೆ ಅದರ ನಿಯಮಗಳೆಲ್ಲ ಒಂದು ಫೋಲ್ಡರಿಗೆ ಇಳಿಯುತ್ತವೆ. ಇನ್ನೊಂದರಲ್ಲಿ ಸ್ಲ್ಯಾಶ್ ಜಿ ಎಂದರೆ ಅವೇ ನಿಯಮಗಳು ಅಲ್ಲಿ ಜಾರಿ. ಪಾಸ್‌ವರ್ಡ್ ಎಷ್ಟು ಉದ್ದವಿರಬೇಕೆಂಬಂಥ ಭದ್ರತಾ ನಿಯಮಗಳೂ ಜೊತೆಗೇ ಬರುತ್ತವೆ. ಎರಡು ಸಾಲಿನ ಬ್ಯಾಚ್ ಫೈಲ್ ಬರೆದು, ಪೆನ್ ಡ್ರೈವ್ ಹಿಡಿದು ಹೊರಟೆವು.

ಮೊದಲ ಯಂತ್ರದಲ್ಲೇ ತೊಡಕು. ಕಂಟ್ರೋಲ್ ಪ್ಯಾನೆಲ್ ಹುಡುಗರಿಗೆ ಮುಚ್ಚಿದಂತೆ ಅಡ್ಮಿನ್‌ಗೂ ಮುಚ್ಚಿತು. ಲೋಕಲ್ ಪಾಲಿಸಿಯ ಯೂಸರ್ ಭಾಗ ಆ ಯಂತ್ರಕ್ಕೆ ಲಾಗಿನ್ ಆಗುವ ಎಲ್ಲರಿಗೂ ಅನ್ವಯ. ಆದರೆ ವಿಸ್ಟಾ ಕಾಲದಿಂದಲೇ ವಿಂಡೋಸ್‌ನಲ್ಲಿ ಅಡ್ಮಿನ್ ಅಲ್ಲದವರಿಗಷ್ಟೇ ಬೇರೆ ಪಾಲಿಸಿ ಇಡುವ ಅವಕಾಶವಿದೆ. ಸಿಸ್ಟಮ್32ರೊಳಗಿನ ಗ್ರೂಪ್‌ಪಾಲಿಸಿಯೂಸರ್ಸ್ ಫೋಲ್ಡರಿನಲ್ಲಿ ಅದರ ರಿಜಿಸ್ಟ್ರಿ ಡಾಟ್ ಪೋಲ್ ಫೈಲ್ ಕೂರುತ್ತದೆ. ಕಂಟ್ರೋಲ್ ಪ್ಯಾನೆಲ್ ನಿಯಮವನ್ನು ಅಲ್ಲಿಗೆ ವರ್ಗಾಯಿಸಿ, ಸ್ಲ್ಯಾಶ್ ಯುಎನ್ ಎಂದು ಬ್ಯಾಚ್ ಫೈಲಿಗೆ ಇನ್ನೊಂದು ಸಾಲು ಸೇರಿಸಿದೆವು.

ಅದನ್ನು ಅದೇ ಯಂತ್ರದಲ್ಲಿ ಮತ್ತೆ ಓಡಿಸಹೊರಟರೆ ಎಲ್‌ಜಿಪಿಒ ಏಳಲೇ ಇಲ್ಲ, ಅನುಮತಿ ಇಲ್ಲವಂತೆ! ಪೆನ್ ಡ್ರೈವ್‌ನಿಂದ ಏನೂ ಓಡಬಾರದೆಂದು ಕಟ್ಟಳೆ ಹಾಕಿದವರು ನಾವೇ ತಾನೆ? ಅಟೆಂಡರ್ ಬಿದ್ದುಬಿದ್ದು ನಕ್ಕರು. ಫೋಲ್ಡರನ್ನು ಸಿ ಡ್ರೈವ್‌ಗೆ ಕಾಪಿ ಮಾಡಿ ಓಡಿಸಿದೆವು. ಆಮೇಲೆ ಒಂದೊಂದು ಯಂತ್ರಕ್ಕೆ ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಸರ್ವರ್ ಇಲ್ಲದೆಯೂ ಶಿಸ್ತು ಸಾಧ್ಯ, ನಿಯಮ ಯಾರದೋ ತಲೆಯಲ್ಲಿರದೆ ಫೈಲಿನಲ್ಲಿ ಇದ್ದರೆ. ನೀವೂ ಇಂಥ ಲ್ಯಾಬ್ ನೋಡಿಕೊಳ್ಳುವವರಾದರೆ ಹೊಸ ನಿಯಮ ಹಾಕುವ ಮುನ್ನ ಹಳೆಯದರ ಬ್ಯಾಕಪ್ ತೆಗೆದು ದಿನಾಂಕ ಬರೆದಿಡಿ. ಅಡ್ಮಿನ್ ಪಾಸ್‌ವರ್ಡ್ ಮಾತ್ರ ಹುಡುಗರ ಕೈಗೆ ಕೊಡಬೇಡಿ; ಕೊಟ್ಟರೆ ಇದ್ಯಾವುದೂ ನಿಲ್ಲುವುದಿಲ್ಲ.