ಈ ವಾರ ಏನು ಪಾಠ ಆಯ್ತು, ಅಕ್ಕೋರೆ?

ಜೂನ್ 8, ಶನಿವಾರ

ಶಾಲೆ ತೆರೆದ ಮೇಲಿನ ಮೊದಲ ಪೂರ್ತಿ ವಾರ. ದಾಂಡೇಲಿಯಿಂದ ಜೋಯಿಡಾ ಕಡೆ ಹೋಗುವ ಬೆಳಗಿನ ಬಸ್ಸು, ಇಳಿದ ಮೇಲೆ ಕೆಂಪು ಮಣ್ಣಿನ ದಾರಿ, ಅದರ ತುದಿಗೆ ನಮ್ಮ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಮೂರನೇ ತರಗತಿ ಒಂದೇ ಕೋಣೆಯಲ್ಲಿ, ನನ್ನ ಪಾಲಿಗೆ. ಒಂದನೇ ತರಗತಿಗೆ ಹೊಸಬರು ಐವರು: ಮೂವರು ಕುಣಬಿ ಮನೆಗಳವರು, ಗೌಳಿವಾಡದಿಂದ ಒಬ್ಬ ಹುಡುಗಿ, ಒಬ್ಬ ಸಿದ್ದಿ ಹುಡುಗ. ಯಾರ ಮನೆಯಲ್ಲೂ ಕನ್ನಡ ಮಾತಿಲ್ಲ. ಕುಣಬಿಯವರದೂ ಸಿದ್ದಿಯವನದೂ ತಮ್ಮ ತಮ್ಮ ಬಗೆಯ ಕೊಂಕಣಿ; ಗೌಳಿ ಹುಡುಗಿಯದು ಮರಾಠಿ. ಐವರೂ ತಮ್ಮತಮ್ಮಲ್ಲಿ ಜಗಳವಾಡುವಷ್ಟು ಭಾಷೆ ಆಗಲೇ ಹೊಂದಿಸಿಕೊಂಡಿದ್ದಾರೆ.

ಇಲಾಖೆಯ ದಿನಚರಿಯಲ್ಲಿ ಈ ವಾರಕ್ಕೆ ಒಂದೇ ಸಾಲು ಬರೆದೆ: ‘ಪೂರ್ವಸಿದ್ಧತಾ ಚಟುವಟಿಕೆಗಳು’. ನಿಜವಾಗಿ ಕಲಿತದ್ದು ಇಲ್ಲಿರಲಿ. ಚಪ್ಪಲಿ ಸಾಲಾಗಿ ಬಿಡುವುದು. ಊಟಕ್ಕೆ ಮೊದಲು ಕೈ ತೊಳೆಯುವುದು. ತನ್ನ ಹೆಸರನ್ನು ಎದುರಿನ ಗೋಡೆಗೆ ಮುಟ್ಟುವಂತೆ ಹೇಳುವುದು. ನೆಲದಿಂದ ಮೊಣಕಾಲೆತ್ತರಕ್ಕೆ ಬಳಿದ ಗೋಡೆಹಲಗೆಯ ಮೇಲೆ ಅಡ್ಡಗೆರೆ, ಓರೆಗೆರೆ, ಅರ್ಧಚಂದ್ರ. ಅರ್ಧಚಂದ್ರ ಬಂದರೆ ‘ರ’ಕ್ಕೆ ದಾರಿ ಆಯಿತು.

ಜೂನ್ 22, ಶನಿವಾರ

ಹಳಬರು ಈಗಲೂ ಕೇಳುತ್ತಾರೆ, ಅ ಆ ಇ ಈ ಎಲ್ಲಿ ಹೋಯಿತು ಎಂದು. ನಾವು ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಮೊದಲು ರ, ಗ, ಸ, ದ, ಅ. ಬರೆಯಲು ಸುಲಭವಾದವು, ಒಂದಕ್ಕೊಂದು ಜೋಡಿಸಿದರೆ ತಕ್ಷಣ ಶಬ್ದ ಆಗುವವು. ಸರ, ದರ, ಅರಸ, ಅಗಸ. ಐದೇ ಅಕ್ಷರಕ್ಕೆ ಮಗು ಓದುಗ ಆಗಿಬಿಡುತ್ತದೆ. ವರ್ಣಮಾಲೆ ಪೂರ್ತಿ ಬಾಯಿಪಾಠ ಆಗುವವರೆಗೆ ಕಾಯಬೇಕಿಲ್ಲ.

ಈ ಐದರಲ್ಲಿ ಹುಟ್ಟುವ ದೊಡ್ಡ ಶಬ್ದ ‘ಗರಗಸ’. ಸಿದ್ದಿ ಹುಡುಗ ಅದನ್ನು ಓದಿ ಮುಗಿಸುವ ಮೊದಲೇ ಎರಡೂ ಕೈ ಹಿಂದೆ ಮುಂದೆ ಎಳೆದು ತೋರಿಸಿದ. ಅಪ್ಪ ದಾಂಡೇಲಿಯ ಟಿಂಬರ್ ಡಿಪೋದಲ್ಲಿ ಹಮಾಲಿ; ಸಾಗವಾನಿಯ ದಿಮ್ಮಿಗಳ ನಡುವೆ ಆಡಿ ಬೆಳೆದವ. ಅರಸನನ್ನು ಅವನು ಕಂಡಿಲ್ಲ, ಗರಗಸವನ್ನು ಕಂಡಿದ್ದಾನೆ. ‘ಮರ’, ‘ವನ’ ಎರಡೂ ಬರುವುದು ಮುಂದಿನ ಗುಂಪಿನಲ್ಲಿ, ಜ ವ ಮ ಬ ನ ಕಲಿತ ಮೇಲೆ. ನಮ್ಮ ಕಾಡುಮಕ್ಕಳು ಕನ್ನಡದಲ್ಲಿ ಮರಕ್ಕಿಂತ ಮೊದಲು ಗರಗಸ ಓದುತ್ತಾರೆ. ಯಾರೂ ಉದ್ದೇಶಪಟ್ಟು ಮಾಡಿದ್ದಲ್ಲ, ಆದರೆ ಟಿಂಬರಿನ ಊರಾದ ದಾಂಡೇಲಿಯ ಇತಿಹಾಸ ಗೊತ್ತಿದ್ದವರಿಗೆ ನಗು ಬಾರದೆ ಇರದು.

ಜುಲೈ 4, ಗುರುವಾರ

ಇವತ್ತಿನ ಗಣಿತದಲ್ಲಿ ಎರಡನೇ ತರಗತಿಯವರು ಹತ್ತು ಕಡ್ಡಿಯ ಕಟ್ಟು, ಬಿಡಿ ಕಡ್ಡಿ ಇಟ್ಟುಕೊಂಡು ಕೂತಿದ್ದರು. ಎರಡು ಕಟ್ಟು, ಒಂದು ಬಿಡಿ. “ಎಷ್ಟು?” ಎಂದರೆ ಸರಿಯಾಗಿ “ಇಪ್ಪತ್ತೊಂದು” ಎನ್ನುತ್ತಾರೆ. ಬರೆ ಎಂದರೆ ಇಬ್ಬರು 12 ಬರೆದರು.

ಇದು ಅಜಾಗರೂಕತೆ ಅಲ್ಲ. ಮನೆಯಲ್ಲಿ ಅವರು ಎಣಿಸುವುದು ‘ಏಕವೀಸ’ ಎಂದು. ಒಂದು ಮೊದಲು, ಇಪ್ಪತ್ತು ಆಮೇಲೆ. ಕನ್ನಡದಲ್ಲಿ ಇಪ್ಪತ್ತು ಮೊದಲು, ಒಂದು ಆಮೇಲೆ. ಕಿವಿ ಕೇಳಿದ ಸಾಲಿನಲ್ಲೇ ಕೈ ಬರೆಯುತ್ತದೆ. ಹನ್ನೊಂದರಿಂದ ತೊಂಬತ್ತೊಂಬತ್ತರವರೆಗೂ ಈ ತೊಡಕು ಕಾದು ಕೂತಿರುತ್ತದೆ. ಹಾಗಾಗಿ ಒಂದು ವಾರ ಅಂಕಿ ಬರೆಸುವುದು ಬೇಡ, ಕಟ್ಟು ಎಡಕ್ಕೆ, ಬಿಡಿ ಬಲಕ್ಕೆ ಇಡುವ ಆಟವಷ್ಟೇ. ಕೊಂಕಣಿಯಲ್ಲಾದರೂ ಹೇಳಲಿ, ಮರಾಠಿಯಲ್ಲಾದರೂ ಹೇಳಲಿ, ಕಟ್ಟು ತನ್ನ ಜಾಗ ಬಿಡುವುದಿಲ್ಲ.

ಗೌಳಿ ಹುಡುಗಿಯ ಅಪ್ಪ ಹಾಲಿನ ಕ್ಯಾನು ಸೈಕಲ್ಲಿಗೆ ಕಟ್ಟಿಕೊಂಡೇ ಬಾಗಿಲಲ್ಲಿ ನಿಂತು, “ಈ ವಾರ ಏನು ಪಾಠ ಆಯ್ತು, ಅಕ್ಕೋರೆ?” ಎಂದ. ಮಗಳಿಗೆ ಎಷ್ಟರವರೆಗೆ ಎಣಿಕೆ ಬಂತು ಎಂಬುದು ಅವನಿಗೆ ಬೇಕಾದ ಉತ್ತರ. ಒಂಬತ್ತರವರೆಗೆ ಎಂದೆ. “ಎಮ್ಮೆ ಅಷ್ಟಕ್ಕಿಂತ ಹೆಚ್ಚಿವೆ” ಎಂದು ನಕ್ಕ. ಆಮೇಲೆ ಅವಳನ್ನೇ ಕೇಳಿದೆ, ಸಂಜೆ ಎಮ್ಮೆ ಎಲ್ಲ ಬಂದವೋ ಇಲ್ಲವೋ ಹೇಗೆ ಗೊತ್ತಾಗುತ್ತದೆ? ಅವಳು ಒಂದೊಂದರ ಹೆಸರು ಹೇಳುತ್ತ ಹೋದಳು, ಒಂದೂ ಬಿಡದೆ. ನಾನು ಪ್ರತಿ ಹೆಸರಿಗೂ ಒಂದು ಹುಣಸೆಬೀಜ ಇಡಿಸಿದೆ. ಹತ್ತರ ಗಡಿ ಅಲ್ಲೇ ದಾಟಿತು.

ಜುಲೈ 19, ಶುಕ್ರವಾರ

ಮಳೆ. ಹವಾಮಾನ ಚಾರ್ಟಿನ ಮುಳ್ಳು ‘ಮಳೆ’ಯ ಮೇಲಿಂದ ಅಲ್ಲಾಡಿಲ್ಲ. ಜಿಲ್ಲಾಧಿಕಾರಿಗಳ ರಜೆ ಒಂದಾದ ಮೇಲೊಂದು. ರಜೆ ಇಲ್ಲದ ದಿನವೂ ಹಳ್ಳದ ಆಚೆಯ ಮಕ್ಕಳು ಬರುವಂತಿಲ್ಲ. ನಾಟಿಯ ಹೊತ್ತು ಬೇರೆ.

ಇಂಥ ದಿನಗಳಲ್ಲೇ ನಲಿ-ಕಲಿ ಪದ್ಧತಿಯ ಅರ್ಥ ಆಗುವುದು. ಇದು ಶುರುವಾದದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ. ಅದೂ ನಮ್ಮಂತೆ ಕಾಡಂಚು, ಹಾಡಿಯ ಮಕ್ಕಳು, ಶಾಲೆ ತಪ್ಪುವ ದಿನಗಳೇ ಹೆಚ್ಚು. ಅಲ್ಲಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ, ಪಠ್ಯಪುಸ್ತಕವನ್ನು ಒಡೆದು ಕಾರ್ಡುಗಳನ್ನಾಗಿ ಮಾಡಿದರು. 2009-10ರಲ್ಲಿ ರಾಜ್ಯದ ಎಲ್ಲ ಸರಕಾರಿ ಕನ್ನಡ ಶಾಲೆಗಳಿಗೆ ಬಂತು. ಕಾರ್ಡಿನ ಮೂಲೆಯಲ್ಲಿ ಚಿತ್ರ, ಗೋಡೆಯ ಮೇಲೆ ಏಣಿ, ಏಣಿಯಲ್ಲಿ ಮೈಲಿಗಲ್ಲು. ಮಗು ತಾನು ನಿಂತ ಮೆಟ್ಟಿಲು ನೋಡಿ, ಕಾರ್ಡು ತೆಗೆದು, ಅದಕ್ಕೆ ಹೊಂದುವ ಗುಂಪಿನಲ್ಲಿ ಹೋಗಿ ಕೂರುತ್ತದೆ. ಗುಂಪು ಐದು: ಒಂದಕ್ಕೆ ನನ್ನ ಪೂರ್ತಿ ಬೆಂಬಲ, ಒಂದಕ್ಕೆ ಗೆಳೆಯರ ಬೆಂಬಲ, ಒಂದು ತನ್ನಷ್ಟಕ್ಕೆ ತಾನೇ. ವಾರ ಬಿಟ್ಟು ಬಂದ ಹುಡುಗ ಬಿಟ್ಟಲ್ಲಿಂದಲೇ ಹತ್ತುತ್ತಾನೆ. ‘ಪಾಠ ತಪ್ಪಿತು’ ಎಂಬ ಮಾತೇ ಇಲ್ಲ.

ಕಷ್ಟ ಇಲ್ಲದಿಲ್ಲ. ಕಾರ್ಡು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ನಾನು ಒಂದು ಗುಂಪಿನಲ್ಲಿ ಕೂತಾಗ ಉಳಿದ ನಾಲ್ಕರಲ್ಲಿ ಯಾವುದೋ ಒಂದು ಸುಮ್ಮನೆ ಕಾರ್ಡು ಹಿಡಿದು ಕೂತಿರುತ್ತದೆ. ಮಾತಾಡದ ಮಗು ಅಲ್ಲಿ ಅಡಗಿಕೊಳ್ಳುವುದು ಸುಲಭ.

ಆಗಸ್ಟ್ 8, ಗುರುವಾರ

ಮೂರನೇ ತರಗತಿಯ ಪರಿಸರ ಅಧ್ಯಯನ: ನೀರು ಎಲ್ಲಿಂದ ಬರುತ್ತದೆ? ಕಾರ್ಡಿನಲ್ಲಿ ಬಾವಿ, ಕೆರೆ, ನಲ್ಲಿ, ನದಿ. ನಮ್ಮ ನದಿ ಕಾಳಿ. ಅವಳು ಹುಟ್ಟುವುದು ನಮ್ಮ ಜೋಯಿಡಾ ತಾಲ್ಲೂಕಿನ ಡಿಗ್ಗಿಯಲ್ಲಿ, ಸೇರುವುದು ಕಾರವಾರದ ಕಡಲನ್ನು. ಅಂಗಳದ ಕೆಸರಿನಲ್ಲೇ ಹೊಳೆ ಕೊರೆದೆವು. ಗಣೇಶಗುಡಿ ಬಂದಲ್ಲಿ ಕಲ್ಲು ಇಟ್ಟು ಸೂಪಾ ಅಣೆಕಟ್ಟು ಕಟ್ಟಿದರು. ಹಿಂದೆ ನೀರು ನಿಂತಿತು. ಅದೇ ಪಾಠ.

ಒಬ್ಬ ಹುಡುಗಿ ಕೇಳಿದಳು, “ಅಜ್ಜಿ ಜೋಯಿಡಾಕ್ಕೆ ಸೂಪಾ ಅಂತಾಳೆ, ಯಾಕೆ?” ತಾಲ್ಲೂಕಿನ ಹೆಸರೇ ಹಿಂದೆ ಸೂಪಾ ಇತ್ತು, ಆ ಊರು ಈ ನೀರಿನ ಕೆಳಗೆ ಹೋಯಿತು ಎಂದು, ಕಲ್ಲಿನ ಹಿಂದೆ ನಿಂತ ಕೆಸರುನೀರು ತೋರಿಸಿದೆ. ಮಕ್ಕಳು ಸುಮ್ಮನಾಗಲಿಲ್ಲ, ಅಲ್ಲಿದ್ದ ಶಾಲೆ ಏನಾಯಿತು, ಬಾವಿಯಲ್ಲಿ ಈಗಲೂ ನೀರಿದೆಯಾ ಎಂದು ಶುರುಮಾಡಿದರು. ನೀರಿನ ಅಡಿಯ ಬಾವಿಯಲ್ಲಿ ನೀರು! ಕಾರ್ಡಿನ ಪ್ರಕಾರ ಈ ಚಟುವಟಿಕೆ ಒಂದು ಅವಧಿಯದು. ನಮಗೆ ಮೂರು ದಿನ ಹಿಡಿಯಿತು.

ಆಗಸ್ಟ್ 31, ಶನಿವಾರ

ಹಳಿಯಾಳದಲ್ಲಿ ಗೆಳತಿಯರ ಭೇಟಿ. ಒಬ್ಬಳು ಅಲ್ಲೇ, ಸಿದ್ದಿ ಮಕ್ಕಳೇ ಹೆಚ್ಚಿರುವ ಶಾಲೆಯಲ್ಲಿ. ಇನ್ನೊಬ್ಬಳು ಮುಂಡಗೋಡ ಕಡೆ. ಚಹಾ ಆರುವವರೆಗೂ ಮಾತು ಒಂದೇ: ನಿನ್ನವರು ಎಲ್ಲಿದ್ದಾರೆ? ಹಳಿಯಾಳದವಳ ತರಗತಿಗೆ ಸಿದ್ದಿಯರ ಡಮಾಮಿ ಕುಣಿತದ ತಾಳವಿದೆ. ಹುಡುಗರು ಡೆಸ್ಕು ಬಡಿದೇ ಎರಡರ ಮಗ್ಗಿ ಒಪ್ಪಿಸುತ್ತಾರಂತೆ. ‘ಗುಣಿತಾಕ್ಷರ ಮಾತ್ರ ತಾಳಕ್ಕೆ ಕೂರೋದಿಲ್ಲ ಮಾರಾಯ್ತಿ’ ಎಂದಳು.

ಮುಂಡಗೋಡದವಳು ಟಿಬೆಟನ್ ಶಿಬಿರದ ಶಾಲೆಯ ಬಗ್ಗೆ ಹೇಳಿದಳು. 1966ರಲ್ಲಿ ನೆಲೆ ಸಿಕ್ಕಿದವರು. ಪ್ರಾಥಮಿಕ ಹಂತದ ಪಾಠ ಅವರಿಗೆ ಟಿಬೆಟನ್ನಿನಲ್ಲೇ. ತಮ್ಮ ಲಿಪಿ, ತಮ್ಮ ಪುಸ್ತಕ. ದೇಶ ಬಿಟ್ಟು ಬಂದವರ ಮಕ್ಕಳು ಮನೆಮಾತಿನಲ್ಲಿ ಕೂಡುತ್ತಾರೆ, ಕಳೆಯುತ್ತಾರೆ. ಈ ಕಾಡು ಬಿಟ್ಟು ಎಲ್ಲೂ ಹೋಗದ ಕುಣಬಿಯವರ ಮಕ್ಕಳಿಗೆ ಅವರ ಮಾತಿನಲ್ಲಿ ಒಂದು ಕಾರ್ಡೂ ಇಲ್ಲ. ನನಗೆ ಕನ್ನಡ ಕಲಿಸುವುದರಲ್ಲಿ ಅಳುಕಿಲ್ಲ. ಈ ಮಕ್ಕಳಿಗೆ ಪೇಟೆ, ಕಚೇರಿ, ಹೈಸ್ಕೂಲು ಎಲ್ಲದರ ಬಾಗಿಲೂ ಕನ್ನಡವೇ. ಆದರೆ ಗೊತ್ತಿದ್ದುದನ್ನು ಹೇಳಲು ಬಿಟ್ಟು ಆಮೇಲೆ ಗೊತ್ತಿಲ್ಲದ್ದನ್ನು ಕಲಿಸುವುದಕ್ಕೂ, ಗೊತ್ತಿದ್ದುದನ್ನೂ ಬಾಗಿಲಲ್ಲೇ ಬಿಟ್ಟು ಬಾ ಎನ್ನುವುದಕ್ಕೂ ವ್ಯತ್ಯಾಸ ಇದೆ. ಕಾರ್ಡು ತೆರೆಯುವ ಮೊದಲು ಹತ್ತು ನಿಮಿಷ ಅವರ ಮಾತಿನಲ್ಲೇ ಹರಟೆ: ಅದನ್ನು ವೇಳಾಪಟ್ಟಿಯಲ್ಲಿ ಖಾಯಂ ಮಾಡಿಕೊಳ್ಳುವುದೆಂದು ಮೂವರೂ ಒಪ್ಪಿದೆವು.

ಸೆಪ್ಟೆಂಬರ್ 21, ಶನಿವಾರ

ತಾಲ್ಲೂಕಿನಿಂದ ಬಂದವರು ರಿಜಿಸ್ಟರು ತಿರುವುತ್ತ, “ಒಂದನೇ ತರಗತಿಯದು ಎಲ್ಲಿಗೆ ಬಂತು?” ಎಂದರು. ಒಂದನೇ ತರಗತಿ ಎಂಬುದು ಒಂದು ಜಾಗದಲ್ಲಿಲ್ಲ. ಪ್ರಗತಿ ಚಾರ್ಟಿನ ಎದುರು ಕರೆದುಕೊಂಡು ಹೋದೆ.

ಸಿದ್ದಿ ಹುಡುಗ ಮರ, ವನ ದಾಟಿ ಪ, ಯ, ಉ ಇರುವ ಗುಂಪಿನಲ್ಲಿದ್ದಾನೆ. ಬರವಣಿಗೆ ಓದಿಗಿಂತ ಎರಡು ಮೆಟ್ಟಿಲು ಹಿಂದೆ. ಗೌಳಿ ಹುಡುಗಿ ಗಣಿತದಲ್ಲಿ ಎಲ್ಲರಿಗಿಂತ ಮುಂದೆ, ಅಕ್ಷರದಲ್ಲಿ ಇನ್ನೂ ‘ದ’ದ ಹತ್ತಿರ. ಕುಣಬಿ ಮೂವರಲ್ಲಿ ಇಬ್ಬರು ಜೊತೆಯಾಗಿ ಹತ್ತುತ್ತಿದ್ದಾರೆ, ಒಬ್ಬಳು ನಿಂತರೆ ಇನ್ನೊಬ್ಬಳೂ ನಿಲ್ಲುತ್ತಾಳೆ. ಮೂರನೆಯವನು ಮಳೆಯ ತಿಂಗಳು ಪೂರ್ತಿ ಬಂದಿರಲಿಲ್ಲ; ಈ ವಾರ ‘ಸ’ ಬರೆದ, ಮತ್ತು ಮೊದಲ ಸಲ ನಾನು ಕೇಳದೆ ಕನ್ನಡದಲ್ಲಿ ಒಂದು ವಾಕ್ಯ ಹೇಳಿದ: “ಅವನು ನನ್ನ ಕಾರ್ಡು ತಗೊಂಡ.” ದೂರು ಕೊಡಲು ಬೇಕಾದಾಗ ಭಾಷೆ ತಾನಾಗಿ ಬಂದಿತು.

ಬಂದವರು ಕೇಳಿಸಿಕೊಂಡರು, ನಮೂನೆಯ ಚೌಕ ಚಿಕ್ಕದು, ಸಂಕ್ಷಿಪ್ತವಾಗಿ ಬರೆಯಿರಿ ಎಂದರು. ಐದು ಹೆಸರಿಗೆ ಐದು ಸಾಲು ಬರೆದೆ. ಚೌಕ ತುಂಬಿ ಅಂಚಿಗೂ ಹೋಯಿತು. ಸೋಮವಾರ ‘ದ’ದ ಕಾರ್ಡಿಗೆ ಎಮ್ಮೆಗಳ ಹೆಸರಿನಿಂದಲೇ ಶುರುಮಾಡಬೇಕು. ಒಂದಕ್ಕಾದರೂ ‘ದ’ ಇದ್ದೇ ಇರುತ್ತದೆ.