ಕೊಲ್ಲಾಪುರದ ಹೊಸ ಅರಮನೆಯಲ್ಲಿ ಒಂದು ಮಧ್ಯಾಹ್ನ

ನಮ್ಮ ಮುರಗೂಡು ವೇದಗಂಗೆಯ ದಡದ ಊರು. ತಾಲೂಕಿನ ಕೆಲಸಗಳಿಗೆ ಕಾಗಲಿಗೆ, ಅದಕ್ಕೂ ಮಿಗಿಲಾದುದಿದ್ದರೆ ಕೊಲ್ಲಾಪುರಕ್ಕೆ ಹೋಗುವುದು ವಾಡಿಕೆ. ಈ ಸಲ ನಾನು ಕೊಲ್ಲಾಪುರಕ್ಕೆ ಹೋದದ್ದು ಹಳೆಯ ಮರದ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬನನ್ನು ಕಾಣಲೆಂದು. ಹಿರಿಯರ ಮನೆ ಪಾಲಾಗಿತ್ತು. ಪಡಸಾಲೆಯ ಸಾಗವಾನಿ ತೂಗುಮಂಚಕ್ಕೆ ಅಣ್ಣತಮ್ಮಂದಿರ ಯಾರ ಪಾಲಿನಲ್ಲಿಯೂ ಸ್ಥಳವಿರಲಿಲ್ಲ. ವ್ಯಾಪಾರಿ ಸಂಜೆಗೆ ಸಿಗುವನೆಂದು ತಿಳಿದು, ನಡುವಿನ ಹೊತ್ತನ್ನು ಕಳೆಯಲು ಹೊಸ ಅರಮನೆಗೆ ಹೋದೆನು.

ಹೆಸರು ಹೊಸದಾದರೂ ಅರಮನೆ ಹಳೆಯದು. 1877ರಿಂದ 1884ರವರೆಗೆ ಕಟ್ಟಿದ ಈ ಕರಿಕಲ್ಲಿನ ಸೌಧದ ವಿನ್ಯಾಸ ಮೇಜರ್ ಚಾರ್ಲ್ಸ್ ಮ್ಯಾಂಟ್ ಎಂಬ ಆಂಗ್ಲನದು. ಕಟ್ಟಡ ಮುಗಿಯುವುದನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ, 1881ರಲ್ಲಿಯೇ ತೀರಿಕೊಂಡನು. ನಡುವೆ ಗಡಿಯಾರದ ಗೋಪುರ. ಕಮಾನು ಕಂಬಗಳಲ್ಲಿ ಗುಜರಾತ, ರಾಜಸ್ಥಾನಗಳ ಕುಸುರಿಯೊಡನೆ ನಮ್ಮ ಸೀಮೆಯ ವಾಡೆಗಳ ರೀತಿಯೂ ಬೆರೆತಿದೆ. ಕೆಳ ಅಂತಸ್ತಿನಲ್ಲಿ ಶಹಾಜಿ ಛತ್ರಪತಿ ವಸ್ತುಸಂಗ್ರಹಾಲಯವಿದೆ.

ದರಬಾರು ಸಭಾಂಗಣ ಎರಡು ಅಂತಸ್ತಿನಷ್ಟು ಎತ್ತರ. ಕಿಟಕಿಗಳ ಬಣ್ಣದ ಗಾಜಿನಲ್ಲಿ ಶಿವಾಜಿ ಮಹಾರಾಜರ ಜೀವನದ ದೃಶ್ಯಗಳು, ತುದಿಯಲ್ಲಿ ಸಿಂಹಾಸನ. ಉಳಿದ ಕೋಣೆಗಳಲ್ಲಿ ಬೆಳ್ಳಿಯ ಅಂಬಾರಿ, ಆಯುಧಗಳು, ಬೇಟೆಯ ಮೃಗಗಳು. ಚಿರತೆಯ ಬೆನ್ನೆಲುಬಿನ ಕೈಗೋಲು, ಹುಲಿಯ ತಲೆಬುರುಡೆಯ ಬೂದಿಬಟ್ಟಲುಗಳ ಮುಂದೆ ಮಾತ್ರ ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ.

ಮತ್ತೆ ಸಿಂಹಾಸನದ ಕಡೆಗೇ ಬಂದೆನು. ಅರಮನೆ ಪೂರ್ಣವಾದ 1884ರಲ್ಲಿಯೇ ನಮ್ಮ ಕಾಗಲಿನ ಘಾಟಗೆ ಮನೆತನದ ಹುಡುಗನೊಬ್ಬ ಈ ಗಾದಿಗೆ ದತ್ತುಹೋದನು. ಅವನೇ ಶಾಹೂ ಮಹಾರಾಜ. 1902ರ ಜುಲೈ 26ರಂದು ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಶೇಕಡಾ 50ರಷ್ಟು ಸ್ಥಾನ ಮೀಸಲಿಟ್ಟ ಅರಸು. 1949ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಇಂದು ಈ ಸಭಾಂಗಣವನ್ನು ನಾವು ದೂರದಿಂದ ನೋಡಿ ಕೈಮುಗಿಯಬಹುದೇ ಹೊರತು ಅಲ್ಲಿ ಕುಳಿತುಕೊಳ್ಳುವಂತಿಲ್ಲ.

ಆಗ ನೆನಪಾದದ್ದು ನಮ್ಮ ತೂಗುಮಂಚ. ಅದರ ಮೇಲೆ ಕುಳಿತು ಅಜ್ಜ ಬಂದವರೊಡನೆ ಮರಾಠಿಯಲ್ಲಿ ವ್ಯವಹಾರ ಮಾತಾಡುತ್ತಿದ್ದನು. ಅವರು ಎದ್ದುಹೋದ ಮೇಲೆ ಅಜ್ಜಿ ಅದೇ ಮಂಚದ ಮೇಲೆ ನಮಗೆ ಕನ್ನಡದಲ್ಲಿ ಕಥೆ ಹೇಳುತ್ತಿದ್ದಳು. ಮನೆಯಲ್ಲಿ ನಾವು ಎರಡು ಭಾಷೆಗಳನ್ನು ಕಲಿತದ್ದು ಆ ಒಂದು ಹಲಗೆಯ ಮೇಲೆ. ಅರಮನೆಯ ಸಾಮಾನುಗಳನ್ನು ಕಾಯಲು ಕಾವಲುಗಾರರಿದ್ದಾರೆ. ನಮ್ಮ ಮನೆಯದನ್ನು ಕಾಯಬೇಕಾದವರು ನಾವೇ ಅಲ್ಲವೆ?

ವ್ಯಾಪಾರಿಯ ಅಂಗಡಿಗೆ ಹೋಗದೆ ನೇರವಾಗಿ ಬಸ್ಸು ಹಿಡಿದೆನು. ಮರುದಿನ ತಮ್ಮನನ್ನು ಕರೆದು, "ಸರಪಳಿ ಬಿಚ್ಚಪ್ಪಾ, ನನ್ನ ಕೋಣೆಯ ಗೋಡೆ ಒಡೆದಾದರೂ ಒಳಗೆ ಒಯ್ಯೋಣ" ಎಂದೆನು. ಗೋಡೆ ಒಡೆಯಬೇಕಾಗಲಿಲ್ಲ, ಬಾಗಿಲ ಚೌಕಟ್ಟನ್ನು ತೆಗೆದದ್ದೇ ಸಾಕಾಯಿತು. ಈಗ ಅದರ ಮೇಲೆ ಮೊಮ್ಮಕ್ಕಳು ಜೀಕುತ್ತಾರೆ.